ಸದ್ದಿನ ಮನೆ ದಿಬ್ಬ ಏರಿದ್ದು

ನಮ್ಮ ಊರಿನಲ್ಲಿ ಮಧ್ಯಾಹ್ನ ಉಂಡು ಮಲಗಿದವರು ಎದ್ದ ಮೇಲೆ ಮೊದಲು ಮಾಡುವ ಕೆಲಸವೆಂದರೆ ಬಾಗಿಲಿಗೆ ಬಂದು ವಿಶ್ವವಿದ್ಯಾಲಯ ಎಲ್ಲಿದೆ ಎಂದು ನೋಡುವುದು. ನಿನ್ನೆ ಕೋರ್ಟಿನ ಪಕ್ಕದಲ್ಲಿದ್ದ ಕಾನೂನು ವಿಭಾಗ ಇವತ್ತು ಕೋರ್ಟಿನ ಜಗಲಿಗೇ ಅಂಟಿಕೊಂಡು ನಿಂತಿರುತ್ತದೆ. ದನಗಳ ವೈದ್ಯ ವಿಭಾಗ ರೋಗದ ಕಾಲ ಬಂತೆಂದರೆ ದನದ ಪೇಟೆಗೇ ಬಂದುಬಿಡುತ್ತದೆ, ಎಮ್ಮೆಗಳು ಅದರ ಮೆಟ್ಟಿಲ ಮೇಲೆ ಮಲಗಿ ಮೆಲುಕು ಹಾಕುತ್ತವೆ. ಗಣಿತ ವಿಭಾಗ ಪರೀಕ್ಷೆಯ ದಿನಗಳಲ್ಲಿ ಶಾಲೆಯ ಹಿಂದೆಯೇ ಇರುತ್ತದೆ. ಫಲಿತಾಂಶ ಬಂದ ಮರುದಿನ ನೋಡಿದರೆ ದೂರದ ಬೇವಿನ ಮರಗಳ ನಡುವೆ ಮುಖ ತಿರುಗಿಸಿಕೊಂಡು ಕೂತಿರುತ್ತದೆ. ಬೇಕಾದದ್ದು ಹತ್ತಿರ ಬರುತ್ತದೆ, ಬೇಡವಾದದ್ದು ದೂರ ಹೋಗುತ್ತದೆ. ಹೋಗುವುದನ್ನು ಕಂಡವರು ಯಾರೂ ಇಲ್ಲ, ಊರೆಲ್ಲ ಕಣ್ಣು ಮುಚ್ಚಿದಾಗಲೇ ಅದು ನಡೆಯುವುದು. ಹೊರಗಿನಿಂದ ಬಂದ ಸೊಸೆಯಂದಿರು ಮೊದಮೊದಲು ಹೆದರುತ್ತಾರೆ. ಆಮೇಲೆ ಅವರೂ ಒಗೆದ ಸೀರೆಯನ್ನು ಇತಿಹಾಸ ವಿಭಾಗದ ಕಿಟಕಿಗೆ ಒಣಹಾಕಬಾರದೆಂದು ಕಲಿಯುತ್ತಾರೆ, ಸಂಜೆಗೆ ಆ ಸೀರೆ ಯಾವ ಓಣಿಯಲ್ಲಿ ಸಿಗುತ್ತದೋ ಹೇಳಲಾಗದು.

ನಾನು ಕಸ್ತೂರಿ, ಬಜಾರದ ಮೂಲೆಯಲ್ಲಿ ಖಾನಾವಳಿ ನಡೆಸುವವಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಇದಕ್ಕಿಂತ ಹೆಚ್ಚು ಕೇಳಿದವರಿಗೆ ಬೀದಿ ತೋರಿಸುತ್ತೇನೆ. ನಮ್ಮಲ್ಲಿ ಉಣ್ಣಲು ಕೂತವರು ಮೊದಲ ತುತ್ತನ್ನು ಬಾಯಿಗೆ ಹಾಕಿಕೊಳ್ಳುವುದಿಲ್ಲ. ಅದನ್ನು ತಾಟಿನ ಅಂಚಿಗೆ ಎತ್ತಿಟ್ಟು, ತಮಗೆ ಬೇಕಾದ ವಿಭಾಗದ ಹೆಸರು ಹೇಳಿ, ಆಮೇಲೆ ಊಟಕ್ಕೆ ಕೈ ಹಾಕುತ್ತಾರೆ. ಊಟವಾದ ಮೇಲೆ ನನ್ನ ಜೊತೆ ರೊಟ್ಟಿ ಬಡಿಯುವ ಸಾವಕ್ಕ ಆ ತುತ್ತುಗಳನ್ನೆಲ್ಲ ಅಗಲ ತಟ್ಟೆಯಂಥ ಪರಾತಕ್ಕೆ ತುಂಬಿ ಹಿತ್ತಿಲ ಗೋಡೆಯ ಮೇಲೆ ಇಡುತ್ತಾಳೆ. ಗುಬ್ಬಿಗಳು ಬರುತ್ತವೆ, ಜನ ಮಲಗುತ್ತಾರೆ, ಕಟ್ಟಡಗಳು ಸರಿಯುತ್ತವೆ. ನಮ್ಮ ಅಜ್ಜಿಯ ಕಾಲದಿಂದಲೂ ಹೀಗೇ ನಡೆದಿದೆ.

ನನ್ನ ತಂಗಿ ಮಂದಾಕಿನಿ ಸದ್ದಿನ ವಿಭಾಗದಲ್ಲಿದ್ದಳು. ಒಂದು ಉದ್ದನೆಯ ಕೋಣೆ, ನಾಲ್ಕೂ ಕಡೆ ಕಿಟಕಿ, ಒಳಗೆ ಅವಳೊಬ್ಬಳು. ಅದಕ್ಕೆ ಊರವರು ವಿಭಾಗ ಎನ್ನುತ್ತಿರಲಿಲ್ಲ, ಸದ್ದಿನ ಮನೆ ಎನ್ನುತ್ತಿದ್ದರು. ಅವಳು ಅಲ್ಲಿ ಕೂತು ಊರಿನ ಸದ್ದು ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಹುಡುಕುತ್ತಿದ್ದಳು. ಕಮ್ಮಾರನ ಏಟು, ಬಾವಿಯ ಗಾಲಿ, ಯಾರೋ ಯಾರನ್ನೋ ಕೂಗಿದ್ದು.

"ಮುಗದ್ರ ಮುಗೀಲಿ ಬಿಡವಾ, ಅದನ್ನ ಕಟಗೊಂಡು ನಿನಗೇನ್ ಆಗಬೇಕೈತಿ?" ಎಂದು ನಾನು ರೇಗುತ್ತಿದ್ದೆ.

"ಒಲಿ ಆರಿದ್ರ ಬೂದಿ ಉಳೀತೈತಿ, ಅಕ್ಕಾ. ಸದ್ದು ಆರಿದ್ರ ಏನ್ ಉಳೀತೈತಿ, ಎಲ್ಲಿ ಉಳೀತೈತಿ? ನಿನಗೆಂದೂ ಹಂಗ ಅನಿಸಿಲ್ಲೇನು?"

ನನಗೆ ಹಾಗೆ ಎಂದೂ ಅನಿಸಿರಲಿಲ್ಲ. ದಿನಕ್ಕೆ ಅಷ್ಟು ರೊಟ್ಟಿ ಬಡಿಯುವವಳಿಗೆ ರೊಟ್ಟಿಯ ಸದ್ದು ಎಲ್ಲಿಗೆ ಹೋಯಿತೆಂದು ಯೋಚಿಸಲು ಪುರಸೊತ್ತು ಎಲ್ಲಿಯದು? ಆದರೆ ಅವಳು ನನ್ನ ತಂಗಿ. ತಾಯಿ ಹೋದಾಗ ಅವಳಿನ್ನೂ ಹಾಲುಹಲ್ಲಿನವಳು, ನನ್ನ ಸೊಂಟದ ಮೇಲೆಯೇ ಬೆಳೆದವಳು. ಹಾಗಾಗಿ ದಿನಾ ಉಣ್ಣುವಾಗ "ನಮ್ಮ ಮಂದಾಗ" ಎಂದು ಒಂದು ತುತ್ತು ಎತ್ತಿಡುತ್ತಿದ್ದೆ. ಊರಲ್ಲಿ ಬೇರೆ ಯಾರೂ ಅವಳ ಹೆಸರಿನಲ್ಲಿ ತುತ್ತು ಎತ್ತುತ್ತಿರಲಿಲ್ಲ. ನಾನು ಎತ್ತಿಟ್ಟರೂ ಸದ್ದಿನ ಮನೆ ದೂರ ಸರಿಯುತ್ತಲೇ ಇತ್ತು.

ದೂರ ಎಂದರೆ ಬರೀ ದೂರವಲ್ಲ. ಊರಾಚೆ ಬಯಲಿನಲ್ಲಿ ಒಂದು ಗಡಿಕಲ್ಲು ಇದೆ. ವಿಭಾಗಗಳಿಗೆ ಊರು ಕಳಿಸುವ ಬಂಡಿ, ಅದೇ ನೀರು, ಎಣ್ಣೆ, ಜೋಳ ಹೊತ್ತ ಬಂಡಿ, ಆ ಕಲ್ಲಿನವರೆಗೆ ಹೋಗಿ ತಿರುಗುತ್ತದೆ. ಕಲ್ಲಿನಾಚೆಗೆ ದಿಬ್ಬ. ದಿಬ್ಬ ದಾಟಿದ ವಿಭಾಗ ತಿರುಗಿ ಬಂದದ್ದಿಲ್ಲ, ಒಳಗೆ ಇದ್ದವರೂ ಬಂದದ್ದಿಲ್ಲ. ಹಳೆಯ ಲಿಪಿಗಳ ವಿಭಾಗ ಹಾಗೇ ಹೋಯಿತು. ಅದರ ಶಾಮರಾಯ ಮಾಸ್ತರರು ನಮ್ಮಲ್ಲಿ ಉಣ್ಣುತ್ತಿದ್ದರು, ಮೊಸರಿನ ಮೇಲೆ ಅವರಿಗೆ ಬಲು ಆಸೆ. ಒಂದು ಮಧ್ಯಾಹ್ನ ಊರು ನಿದ್ದೆ ತಿಳಿದು ಎದ್ದಾಗ ದಿಬ್ಬದ ಮೇಲೆ ಏನೂ ಇರಲಿಲ್ಲ. ಅವರ ತಂಬಿಗೆ ಇನ್ನೂ ನಮ್ಮ ಗೂಡಿನಲ್ಲಿದೆ, ಅದರಲ್ಲಿ ಬೇರೆಯವರಿಗೆ ನೀರು ಕೊಡಲು ನನಗೆ ಮನಸ್ಸಾಗುವುದಿಲ್ಲ.

ಹಿಂದೆ ಆ ಗಡಿಕಲ್ಲು ದಿಬ್ಬದ ಬುಡದಲ್ಲೇ ಇತ್ತು. ಹೊಸ ಕುಲಪತಿ ಇಂಗಳಗಿ ಸಾಹೇಬರು ಬಂದ ಮೇಲೆ ಅದನ್ನು ಕೀಳಿಸಿ, ಊರಿನ ಕಡೆಗೆ ಬಹಳ ಈಚೆಗೆ ನೆಡಿಸಿದರು. ಎತ್ತುಗಳು ಸೊರಗಿವೆ, ಬಾವಿಯಲ್ಲಿ ನೀರು ಇಳಿದಿದೆ, ಅಷ್ಟು ದೂರ ಬಂಡಿ ಹೊಡೆಯುವುದು ಯಾರಿಗಾಗಿ ಎಂದು ಪಂಚರು ಕೇಳಿದ್ದರಂತೆ. ಸಾಹೇಬರು ಕೆಟ್ಟವರೇನಲ್ಲ. ದಿನಾ ನಮ್ಮಲ್ಲೇ ಉಣ್ಣುತ್ತಿದ್ದರು, ಸಾವಕ್ಕನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ಒಂದು ದಿನ ಎಲ್ಲ ವಿಭಾಗದವರನ್ನೂ ಬಜಾರದಲ್ಲಿ ಕೂಡಿಸಿ ಹೇಳಿದರು: "ಊರು ಅನ್ನ ಹಾಕ್ತದ. ಊರು ಕೇಳಿದ್ದನ್ನ ಕೊಡ್ರಿ, ಹತ್ತಿರ ಬರ್ರಿ. ದೂರ ನಿಂತವರನ್ನ ನನಗೂ ಕಾಯಲಿಕ್ಕೆ ಆಗೂದಿಲ್ಲ."

ಸರಿ, ಶುರುವಾಯಿತು ನೋಡಿ ಗದ್ದಲ. ನಕ್ಷತ್ರ ವಿಭಾಗದವರು ದೂರದರ್ಶಕಕ್ಕೆ ಗವಸು ಹಾಕಿ ಮದುವೆಗೆ ಮುಹೂರ್ತ ನೋಡಿಕೊಡತೊಡಗಿದರು. ರಸಾಯನದವರು ಸಾಬೂನು ಮಾಡಿದರು, ನಿಜ ಹೇಳಬೇಕೆಂದರೆ ಒಳ್ಳೆಯ ಸಾಬೂನೇ. ಇತಿಹಾಸದವರು ಬೀಗರ ಮುಂದೆ ಓದಲು ಬೇಕಾದಷ್ಟು ಶೂರರಿರುವ ವಂಶಾವಳಿ ಬರೆದುಕೊಟ್ಟರು. ಎಲ್ಲ ಮನೆಗಳೂ ಬಜಾರಕ್ಕೆ ನುಗ್ಗಿ, ಬದನೆಕಾಯಿ ಮಾರುವವಳಿಗೆ ಅರ್ಥಶಾಸ್ತ್ರದ ಮೆಟ್ಟಿಲೇ ಗತಿಯಾಯಿತು. ಸಸ್ಯ ವಿಭಾಗದ ಗೋಡೆಗೂ ಭಾಷಾ ವಿಭಾಗದ ಗೋಡೆಗೂ ನಡುವೆ ಹಾಯಲು ಹೊಟ್ಟೆ ಒಳಗೆ ಎಳೆದುಕೊಳ್ಳಬೇಕಾಗಿತ್ತು. ಮಂದಾ ಮಾತ್ರ ಏನೂ ಮಾಡಲಿಲ್ಲ. ಅವಳ ಮನೆ ಒಂದು ಮಧ್ಯಾಹ್ನ ಗಡಿಕಲ್ಲು ದಾಟಿತು.

ಬುತ್ತಿ ಕಟ್ಟಿಕೊಂಡು ಬಯಲು ದಾಟಿ ಓಡಿದೆ. "ಏ ಹುಚ್ಚವ್ವಾ, ನೀರಿನ ಬಂಡಿನೂ ಬರೂದಿಲ್ಲ ಇನ್ನ. ಎದ್ದು ಬಾ ಮನಿಗೆ."

"ಇಲ್ಲಿ ಚಲೋ ಕೇಳಸ್ತೈತಿ, ಅಕ್ಕಾ. ಬಜಾರದಾಗ ಇದ್ದಾಗ ಎಲ್ಲಾ ಕಲಸಿ ಒಂದ ಆಗಿತ್ತು. ಈಗ ಒಂದೊಂದ ಬಿಡಿಸಿ ಬರಾಕ ಹತ್ತೇತಿ," ಎಂದಳು. ಅವಳ ಮುಖದಲ್ಲಿ ಆ ಬೆಳಕು ನೋಡಿದರೆ ಬಯ್ಯಲೂ ಆಗಲಿಲ್ಲ.

"ದಿಬ್ಬ ದಾಟಿದ್ರ?"

ಅವಳು ಕಿಟಕಿಯ ಸರಳು ಹಿಡಿದು ಊರಿನ ಕಡೆ ನೋಡಿದಳು. ಅವಳಿಗೂ ಹೆದರಿಕೆ ಇತ್ತು ಎಂದು ಆಗ ಗೊತ್ತಾಯಿತು. ಹೆದರಿಕೆ ಇದ್ದೂ ಏಳುವವಳಲ್ಲ ಎಂದೂ ಗೊತ್ತಾಯಿತು. ದಾರಿಯುದ್ದಕ್ಕೂ ಅಳುತ್ತಾ ಬಂದೆ, ಬಜಾರ ಬಂದಾಗ ಕಣ್ಣು ಒರೆಸಿಕೊಂಡು ಕಡಲೆಬೇಳೆ ಬೇಯಲು ಇಟ್ಟೆ.

ನಾನು ಮಾಡಿದ್ದು ಇಷ್ಟು. ಮರುದಿನ ಉಣ್ಣಲು ಬಂದವರಿಗೆಲ್ಲ ಹೇಳಿದೆ: "ಯಾರು ಮೊದಲನೇ ತುತ್ತು ಸದ್ದಿನ ಮನಿಗೆ ಇಡ್ತಾರ, ಅವರಿಗೆ ಹೂರಣದ ಹೋಳಿಗಿ, ಮ್ಯಾಲೆ ತುಪ್ಪ." ನನ್ನ ಹೋಳಿಗೆ ಎಂದರೆ ಎಂಥದ್ದು ಎಂದು ನಾನೇ ಹೇಳಬಾರದು. ಕುಲಪತಿಗಳು ಕೂಡ ಅತ್ತಿತ್ತ ನೋಡಿ, "ಸದ್ದಿನ ಮನಿಗೆ" ಎಂದು ಮೆಲ್ಲಗೆ ಅಂದು ತುತ್ತು ಎತ್ತಿಟ್ಟರು. ಸಿಂಪಿಗ ಫಕೀರಪ್ಪ, ಬಜಾರದ ಬಟ್ಟೆಯೆಲ್ಲ ಹೊಲಿಯುವವನು, ಒಂದೇ ಊಟಕ್ಕೆ ಮತ್ತೆ ಮತ್ತೆ ತುತ್ತು ಎತ್ತಿಟ್ಟು ಮತ್ತೆ ಮತ್ತೆ ಹೋಳಿಗೆ ಕೇಳಿದ. ಪರಾತ ತುಂಬಿ ಹರಿಯಿತು, ಗುಬ್ಬಿಗಳಿಗೆ ಹಾರಲಾಗದಷ್ಟಾಯಿತು. ನಾನು ಎಷ್ಟೋ ದಿನಗಳ ಮೇಲೆ ಕಣ್ಣು ತುಂಬ ನಿದ್ದೆ ಮಾಡಿದೆ.

ಎದ್ದು ನೋಡಿದರೆ ಸದ್ದಿನ ಮನೆ ನನ್ನ ಅಡುಗೆಮನೆಯ ಗೋಡೆಗೆ ಬಂದು ಅಂಟಿತ್ತು. ಅಂಟಿತ್ತು ಎಂದರೆ, ಗೋಡೆ ಯಾವುದು ಯಾರದು ಎಂದು ಗೊತ್ತಾಗದ ಹಾಗೆ. ನಡುವೆ ಒಂದು ಬಾಗಿಲೂ ತೆರೆದುಕೊಂಡಿತ್ತು. ಬಾಗಿಲಿನಾಚೆ ಮಂದಾ, ಕೈಯಲ್ಲಿ ಏನೂ ಇಲ್ಲದೆ, ನಿದ್ದೆಗಣ್ಣಿನಲ್ಲಿ ನಿಂತಿದ್ದಳು. ನಾನು ಹೋಗಿ ತಬ್ಬಿಕೊಂಡೆ. ಬದುಕಿದೆಯಾ ತಾಯಿ ಎಂದು ಅವಳ ತಲೆಗೆ ದೃಷ್ಟಿ ತೆಗೆದು ಲಟಿಕೆ ಮುರಿದೆ.

ಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಆ ಉದ್ದನೆಯ ಕೋಣೆಯಲ್ಲಿ ತಾಟು ಹಾಕಲು ಎಷ್ಟು ಅನುಕೂಲ! ನಾಲ್ಕೂ ಕಡೆಯಿಂದ ಗಾಳಿ. ಜನ ಸಾಲಾಗಿ ಕೂತು ಹೋಳಿಗೆ ತಿಂದರು, ಮಂದಾ ತುಪ್ಪ ಬಡಿಸಿದಳು. ಕುಲಪತಿಗಳು ಬೇರೆ ವಿಭಾಗದವರನ್ನು ಕರೆತಂದು ತೋರಿಸಿದರು. "ನೋಡ್ರಿ, ನಿನ್ನೆ ಮೊನ್ನೆ ಕಲ್ಲು ದಾಟಿ ಹೋಗಿತ್ತು. ಇವತ್ತು ಊರಿನ ನಡುವ ಅದ. ಮನಸ್ಸು ಮಾಡಿದ್ರ ಹಿಂಗ ಆಗ್ತದ." ರಸಾಯನದವರು ಹೊಟ್ಟೆ ಉರಿದುಕೊಂಡರು. ಬಂಡಿ ಬಂದು ನೀರು, ಎಣ್ಣೆ, ಜೋಳ ಇಳಿಸಿ ಹೋಯಿತು. ಸದ್ದಿನ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ. ಒಮ್ಮೆ ಫಕೀರಪ್ಪ ಸುಮ್ಮನೆ ಮಾತಿಗೆಂದು, "ಅಲ್ಲ ತಂಗ್ಯವ್ವಾ, ಹೋಳಿಗಿ ಬಿಟ್ರ ನಿನ್ನ ಉದ್ಯೋಗ ಏನು?" ಎಂದ.

"ನಿನ್ನ ಕತ್ರಿ ಸದ್ದು ನಿನ್ನ ಅಂಗಡಿ ದಾಟಿ, ಓಣಿ ದಾಟಿ ಎಲ್ಲಿ ಹೋಗಿ ಮುಗೀತೈತಿ ಅಂತ ಹುಡುಕೂದು, ಫಕೀರಪ್ಪಣ್ಣಾ."

ಅವನು ನಕ್ಕು ನಕ್ಕು ಹೋಳಿಗೆ ನೆತ್ತಿಗೇರಿ ಕೆಮ್ಮಿದ. ಕೂತವರೆಲ್ಲ ನಕ್ಕರು, ನಾನೂ ನಕ್ಕೆ. ಮಂದಾ ನಗುತ್ತಲೇ ತುಪ್ಪದ ಗಿಂಡಿ ಹಿಡಿದು ಮುಂದಿನ ಸಾಲಿಗೆ ಹೋದಳು.

ಆದರೆ ದಿನ ಕಳೆದಂತೆ ಅವಳು ಸೊರಗಿದಳು. ತಾಟಿನ ಸದ್ದು, ಚಪ್ಪರಿಸುವ ಸದ್ದು, "ಇತ್ತಾಗ ಒಂದ್ ಹೋಳಿಗಿ" ಎಂಬ ಕೂಗು. ಅವಳು ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಏನನ್ನೋ ಹುಡುಕುವಂತೆ ನಿಲ್ಲುತ್ತಿದ್ದಳು, ಸಿಗದೆ ಕಣ್ಣು ತೆರೆಯುತ್ತಿದ್ದಳು. ತಟ್ಟೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೇ ಇರುತ್ತಿತ್ತು. ಒಂದು ಬೆಳಿಗ್ಗೆ ನಾನು ಬೆಲ್ಲ ಕುಟ್ಟುವಾಗ ಬಂದು ಪಕ್ಕದಲ್ಲಿ ಕೂತಳು.

"ಅಕ್ಕಾ, ಹೋಳಿಗಿ ನಿಲ್ಲಸು."

"ನಿಲ್ಲಸಿದ್ರ ಏನಾಗ್ತೈತಿ, ಗೊತ್ತೈತಿಲ್ಲೋ?"

"ಗೊತ್ತೈತಿ."

"ಹಂಗಾರ ಬಾಯ್ ಮುಚಗೊಂಡು ಕೂಡು. ನೀ ಇಲ್ಲಿ ಇದ್ದಿ, ನನಗಷ್ಟ ಸಾಕು."

"ನಾ ಎಲ್ಲಿದೀನಿ ಅಕ್ಕಾ ಇಲ್ಲಿ?" ಎಂದಳು. ದನಿ ಏರಿಸಲಿಲ್ಲ, ಅಳಲೂ ಇಲ್ಲ. "ಅವರಿಗೆ ಬೇಕಾಗಿದ್ದು ಹೋಳಿಗಿ, ಮನಿ ಹೋಳಿಗಿ ಕಡೆ ಬಂತು. ನಾ ತುಪ್ಪ ಬಡಸಾಕ ಸಿಕ್ಕೆ."

ನನಗೆ ಸಿಟ್ಟು ಬಂತು. ಬೆಲ್ಲದ ಪುಡಿಯ ಕೈಯಲ್ಲೇ ಅವಳ ಬೆನ್ನಿಗೆ ಒಂದು ಕೊಟ್ಟೆ, ಚಿಕ್ಕವಳಿದ್ದಾಗ ಕೊಟ್ಟ ಹಾಗೆ. ಅವಳು ತಿರುಗಿ ನನ್ನ ಹೆಗಲಿಗೆ ತಲೆ ಇಟ್ಟಳು. ತೀರ ಹಗುರ ಆಗಿದ್ದಳು. ಆ ದಿನವೇ ಹೂರಣದ ಪಾತ್ರೆ ತೊಳೆದು ಬೋರಲು ಹಾಕಿದೆ.

ಜನ ಬಯ್ದರು. ಕೆಲವರು ಅರ್ಧಕ್ಕೇ ಎದ್ದು ಹೋದರು. ಕುಲಪತಿಗಳು ನೊಂದುಕೊಂಡು, "ಕಸ್ತೂರಮ್ಮಾರ, ಕೂಡಿ ಬಂದದ್ದನ್ನ ಕೆಡಸಬ್ಯಾಡ್ರಿ" ಎಂದರು. "ರೊಟ್ಟಿ ಆರ್ತಾವ ಸಾಹೇಬ್ರ, ಉಣ್ರಿ" ಎಂದೆ. ಮಧ್ಯಾಹ್ನ ಮಲಗಿ ಎದ್ದಾಗ ಅಡುಗೆಮನೆಯ ಗೋಡೆ ಮೊದಲಿನಂತೆ ಬರೀ ಗೋಡೆಯಾಗಿತ್ತು. ಸದ್ದಿನ ಮನೆ ಗಡಿಕಲ್ಲಿನ ಹತ್ತಿರ ಬಿಸಿಲಲ್ಲಿ ನಿಂತಿತ್ತು. ಮರುದಿನ ಕಲ್ಲಿನಾಚೆ, ಅದರ ಮರುದಿನ ದಿಬ್ಬದ ಅರ್ಧಕ್ಕೆ. ಅಷ್ಟು ಬೇಗ ಯಾವ ಮನೆಯೂ ಸರಿದದ್ದು ನಾನು ಕಂಡಿರಲಿಲ್ಲ. ನಾನು "ನಮ್ಮ ಮಂದಾಗ, ನಮ್ಮ ಮಂದಾಗ" ಎಂದು ಅರ್ಧ ತಾಟು ಎತ್ತಿಟ್ಟರೂ ಅದು ನಿಲ್ಲಲಿಲ್ಲ.

ದಿಬ್ಬದ ನೆತ್ತಿಗೆ ಅದು ಮುಟ್ಟಿದ ಮೇಲೆ, ಬೆಳಗಾಗುತ್ತಲೇ ಬುತ್ತಿ, ನೀರಿನ ಕೊಡ ತೆಗೆದುಕೊಂಡು ಹೊರಟೆ. ಇವತ್ತು ಕೈ ಹಿಡಿದು ಎಳೆದುಕೊಂಡೇ ಬರುವುದು ಎಂದು ಮನಸ್ಸಿನಲ್ಲಿ ಗಂಟು ಹಾಕಿದ್ದೆ. ಹತ್ತಿ ಹೋಗಿ ನೋಡಿದರೆ, ಮಂದಾ ಚೆನ್ನಾಗಿದ್ದಳು! ಕೆನ್ನೆಗೆ ಬಣ್ಣ ಬಂದಿತ್ತು. ಬುತ್ತಿ ಬಿಚ್ಚಿ ಹಸಿದ ಕೂಸಿನ ಹಾಗೆ ಉಂಡಳು. ನಾನು ಏನೋ ಹೇಳಲು ಬಾಯಿ ತೆರೆದಾಗ, "ಶ್! ತಡಿ. ರೊಟ್ಟಿ ಹೊತ್ತಾತು" ಎಂದು ನನ್ನನ್ನು ಕಿಟಕಿಯ ಹತ್ತಿರ ಕೂಡಿಸಿದಳು.

ಮೊದಲು ಏನೂ ಇರಲಿಲ್ಲ. ಬಿಸಿಲು, ಬಯಲು, ಕೆಳಗೆ ಅಂಗೈಯಷ್ಟು ಊರು. ಆಮೇಲೆ ಕಮ್ಮಾರನ ಏಟು ಬಂತು, ತನ್ನಷ್ಟಕ್ಕೆ ತಾನು. ಅದರ ಹಿಂದೆ ಒಂದು ಮೃದುವಾದ ಸದ್ದು, ಪಟ್ ಪಟ್ ಪಟ್, ನಡುವೆ ಒಂದು ತಡೆ, ಮತ್ತೆ ಪಟ್ ಪಟ್. ಅದು ಸಾವಕ್ಕ ಬಡಿಯುವ ರೊಟ್ಟಿ, ನನ್ನ ಖಾನಾವಳಿಯ ರೊಟ್ಟಿ. ಜನ್ಮವೆಲ್ಲ ಆ ಸದ್ದಿನ ಒಳಗೇ ಕೂತಿದ್ದೆ, ಹೊರಗಿನಿಂದ ಅದನ್ನು ಕೇಳಿದ್ದು ಅದೇ ಮೊದಲು. ಅದು ಬಯಲಿನ ಮೇಲೆ ನಡೆದು ಬಂದು, ದಿಬ್ಬ ಹತ್ತಿ, ಕಿಟಕಿಯ ತನಕ ಬಂದು, ನನ್ನನ್ನು ಹಾಯ್ದು ಹಿಂದಕ್ಕೆ ಹೋಯಿತು. ನಾನು ತಿರುಗಿ ಹಿಂದಿನ ಕಿಟಕಿಯ ಕಡೆ ನೋಡಿದೆ.

"ಎಲ್ಲಿ ಹೋತು ಅದು?" ಎಂದೆ.

ಮಂದಾ ನಕ್ಕಳು. "ಅದನ್ನ ಹುಡಕಾಕ ಹತ್ತೇನಿ, ಅಕ್ಕಾ."

ಎಳೆದುಕೊಂಡು ಬರುವ ಮಾತು ನನ್ನ ಬಾಯಿಂದ ಬರಲೇ ಇಲ್ಲ. ಖಾಲಿ ಕೊಡ ಹಿಡಿದು ಒಬ್ಬಳೇ ಇಳಿದು ಬಂದೆ. ಇಳಿಯುವಾಗ ಅಲ್ಲಲ್ಲಿ ನಿಂತು ಕಿವಿಗೊಟ್ಟೆ, ಹುಚ್ಚು ಹಿಡಿದವಳಂತೆ. ಖಾನಾವಳಿಗೆ ಬರುವಷ್ಟರಲ್ಲಿ ಊಟದವರೆಲ್ಲ ಉಂಡು ಎದ್ದಿದ್ದರು, ಜಗಲಿಯ ಮೇಲೆ ಸಾಲಾಗಿ ಮಲಗಿದ್ದರು. ನಾನೊಬ್ಬಳೇ ತಾಟು ಹಾಕಿಕೊಂಡೆ. ಮೊದಲ ತುತ್ತು ಎತ್ತಿದೆ. ಎಂದಿನಂತೆ "ನಮ್ಮ ಮಂದಾಗ" ಎನ್ನಬೇಕು, ನಾಲಿಗೆ ತಡೆಯಿತು. ಇಷ್ಟು ದಿನ ನಾನು ಬೇಡಿದ್ದು ತಂಗಿಯನ್ನು, ಅವಳ ಮನೆಯನ್ನಲ್ಲ. ಅವಳ ಮನೆಯನ್ನು ನಾನೂ ಬೇಡ ಅಂದವಳೇ. "ಸದ್ದಿನ ಮನಿಗೆ," ಎಂದೆ. "ಆ ರೊಟ್ಟಿ ಸದ್ದು ಎಲ್ಲಿ ಹೋತು, ನನಗೂ ಗೊತ್ತಾಗಬೇಕು."

ಆಮೇಲೆ ಬಾಗಿಲಲ್ಲಿ ಕೂತು ದಿಬ್ಬವನ್ನೇ ನೋಡುತ್ತಾ ಉಳಿದೆ. ಕಣ್ಣು ಮುಚ್ಚದಿದ್ದರೆ ಅದು ಸರಿಯಲಾರದು ಎಂದು ನನ್ನ ಲೆಕ್ಕ. ಗುಬ್ಬಿಗಳ ಚಿಲಿಪಿಲಿ, ಬೇವಿನ ಗಾಳಿ, ಬೆಳಗಿನಿಂದ ನಡೆದ ಕಾಲು. ಒಂದು ತುತ್ತಿಗೆ ಅಷ್ಟು ದೊಡ್ಡ ಮನೆ ನಿಲ್ಲುತ್ತದೆಯೇ ಎಂದು ಯೋಚಿಸುತ್ತಿದ್ದೆ. ಯಾವಾಗ ತಲೆ ವಾಲಿತೋ ತಿಳಿಯಲಿಲ್ಲ. ಕನಸಿನಲ್ಲಿ ಶಾಮರಾಯ ಮಾಸ್ತರರು ತಂಬಿಗೆ ಕೇಳುತ್ತಿದ್ದರು.

ದಡಬಡಿಸಿ ಎದ್ದು ಬೀದಿಗೆ ಓಡಿದೆ. ನೋಡಲು ಧೈರ್ಯವಾಗದೆ ಸೆರಗಿನಿಂದ ಮುಖ ಮುಚ್ಚಿಕೊಂಡೆ. ಅಷ್ಟರಲ್ಲಿ ಹಿಂದಿನಿಂದ ಸಾವಕ್ಕ ಬಂದು, "ಅಲ್ಲೇ ಐತಿ, ಕಣ್ಣ ತಗೀ ಯವ್ವಾ" ಎಂದಳು. ಇತ್ತು. ದಿಬ್ಬದ ನೆತ್ತಿಯ ಮೇಲೆ, ಬೆಳಿಗ್ಗೆ ಎಲ್ಲಿ ಬಿಟ್ಟು ಬಂದಿದ್ದೆನೋ ಅಲ್ಲೇ, ನಾಲ್ಕೂ ಕಿಟಕಿ ತೆರೆದುಕೊಂಡು ನಿಂತಿತ್ತು. ನಾನು ಬೀದಿಯಲ್ಲೇ ಕುಸಿದು ಕೂತು ಗೊಳೋ ಎಂದು ಅತ್ತೆ.

"ನಂದೊಂದ ತುತ್ತಿಗೆ ನಿಂತಿತಲ್ಲ, ಸಾವಕ್ಕಾ!"

"ನಿಂದೊಂದ ಎಲ್ಲಿ? ಬಾ ಇಲ್ಲಿ," ಎಂದು ಸಾವಕ್ಕ ನನ್ನನ್ನು ಹಿತ್ತಿಲಿಗೆ ಕರೆದೊಯ್ದು ಪರಾತ ತೋರಿಸಿದಳು. ಗುಬ್ಬಿಗಳು ಮುಟ್ಟಿದ್ದು ಬಿಟ್ಟು ಇನ್ನೂ ಸುಮಾರು ತುತ್ತು ಉಳಿದಿದ್ದವು. ಸಾವಕ್ಕ ಒಂದು ಕಡೆಗೆ ಬೆರಳು ಮಾಡಿ, "ಇವೆಲ್ಲಾ ಸದ್ದಿನ ಮನೀವು, ನಾನ ಬ್ಯಾರೆ ಮಾಡಿ ಇಟ್ಟೇನಿ. ಇವತ್ತ ನೀ ಇಲ್ಲದಾಗ ಜನ ಎತ್ತಿಟ್ಟಾರ, ಹೋಳಿಗಿ ಗೀಳಿಗಿ ಕೇಳದ" ಎಂದಳು.

ಜಗಲಿಯ ಮೇಲೆ ಫಕೀರಪ್ಪ ಎದ್ದು ಕೂತು, ಕಳ್ಳ ಸಿಕ್ಕಿಬಿದ್ದಂತೆ ಟೋಪಿ ಸರಿಮಾಡಿಕೊಂಡ. "ಅಲ್ಲ ಕಸ್ತೂರಕ್ಕಾ, ನಿನ್ನ ತಂಗಿ ಅವತ್ತು ಏನ್ ಅಂದ್ಲೋ ಏನೋ. ಅಂದಿನಿಂದ ಕತ್ರಿ ಹಿಡದ್ರ ಸಾಕು, ಅದ ನೆನಪ. ಒಂದು ಅಂಗಿ ತೋಳು ಹೆಚ್ಚುಕಮ್ಮಿ ಆತು ಮಾರಾಯ್ತಿ! ನಾಳೆ ಬುತ್ತಿ ಒಯ್ದಾಗ ಕೇಳ್ಕೊಂಡು ಬಾ, ನನ್ನ ಕತ್ರಿ ಸದ್ದು ಎಲ್ಲಿ ಮುಗೀತು ಅಂತ."

ಮರುದಿನ ಹೋಗಿ ಕೇಳಿದೆ. ಮಂದಾ ಹಿಂದಿನ ಕಿಟಕಿಗೆ ಹೋಗಿ ಆಚೆಯ ಬಯಲು ನೋಡಿದಳು. "ಸುಳ್ಳು ಹೇಳೂದಿಲ್ಲ, ಅಕ್ಕಾ. ಇನ್ನೂ ಗೊತ್ತಾಗಿಲ್ಲ ಅಂತ ಹೇಳು ಫಕೀರಪ್ಪಣ್ಣಗ."

ದಿಬ್ಬ ಇಳಿಯುವಾಗ ಒಂದೇ ಚಿಂತೆ. ಈ ಮಾತು ಕೇಳಿ ಜನ ತುತ್ತು ಎತ್ತಿಡುವುದನ್ನೇ ಬಿಟ್ಟರೆ? ಊಟದ ಸಾಲು ಕೂತಿತ್ತು. ಫಕೀರಪ್ಪ ರೊಟ್ಟಿ ಮುರಿದು ತುತ್ತು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ. ಪಕ್ಕದಲ್ಲಿ ಕುಲಪತಿಗಳು ತಮ್ಮ ತಾಟಿನಿಂದ ತಲೆ ಎತ್ತಿದರು.

"ಇನ್ನೂ ಗೊತ್ತಾಗಿಲ್ಲಂತ," ಎಂದೆ.

ಫಕೀರಪ್ಪ ಕೈಯಲ್ಲಿದ್ದ ತುತ್ತು ನೋಡಿದ. "ಹಂಗಾದ್ರ ನಾಳೆನೂ ಕೇಳು," ಎಂದು ಅದನ್ನು ತಾಟಿನ ಅಂಚಿಗೆ ಇಟ್ಟ.